ತಾಯಿಮರವನ್ನು ಬಲ್ಲ ತಾಯಿ: ತುಳಸಿ ಗೌಡರ ಪುಣ್ಯಸ್ಮರಣೆ

ಶತಮಾನೋತ್ಸವದ ಸಂಚಿಕೆಯೆಂದರೆ ದೇವಾಲಯವನ್ನು ಕಟ್ಟಿಸಿದವರ, ಧರ್ಮಕೇಂದ್ರವನ್ನು ಮುನ್ನಡೆಸಿದ ಗುರುಗಳ, ಉದಾರ ದಾನಿಗಳ ಹೆಸರುಗಳನ್ನು ಸ್ಮರಿಸುವುದು ವಾಡಿಕೆ. ಅದು ನ್ಯಾಯವೂ ಹೌದು. ಆದರೆ ಒಂದು ನಾಡಿನ ಚರಿತ್ರೆಯನ್ನು ಬೆಳೆಸಿದವರೆಲ್ಲರ ಹೆಸರೂ ಶಿಲಾಫಲಕವನ್ನೇರುವುದಿಲ್ಲ. ಅಂಥವರ ಸಾಲಿನಲ್ಲಿ ದೀರ್ಘಕಾಲ ನಿಂತಿದ್ದು, ಬದುಕಿನ ಸಂಧ್ಯೆಯಲ್ಲಿ ಮಾತ್ರ ಲೋಕದ ಕಣ್ಣಿಗೆ ಬಿದ್ದ ಹಿರಿಯಜ್ಜಿಯೊಬ್ಬರನ್ನು ಈ ಪುಟಗಳಲ್ಲಿ ನೆನೆಯುವುದು ಉಚಿತವೆಂದು ನಾವು ಭಾವಿಸಿದ್ದೇವೆ. ಅವರು ನಮ್ಮ ಧರ್ಮಸಭೆಗೆ ಸೇರಿದವರಲ್ಲ. ನಮ್ಮ ಜಿಲ್ಲೆಯವರು, ನಮ್ಮ ನೆರೆಯವರು.

ಯಲ್ಲಾಪುರದಿಂದ ಅರಬೈಲ್ ಘಟ್ಟವನ್ನಿಳಿದರೆ ಅಂಕೋಲಾ ಸೀಮೆ. ಅಲ್ಲಿಯ ಹೊನ್ನಳ್ಳಿ ಗ್ರಾಮದ ಹಾಲಕ್ಕಿ ಒಕ್ಕಲಿಗರ ಬಡ ಕುಟುಂಬವೊಂದರಲ್ಲಿ 1944ರಲ್ಲಿ ತುಳಸಿ ಗೌಡರು ಜನಿಸಿದರು. ಎಳೆಯ ಪ್ರಾಯದಲ್ಲೇ ತಂದೆಯನ್ನು ಕಳೆದುಕೊಂಡರು. ಶಾಲೆಯ ಮೆಟ್ಟಿಲನ್ನು ಹತ್ತಲಿಲ್ಲ. ಅರಣ್ಯ ಇಲಾಖೆಯ ಸಸ್ಯಪಾಲನಾ ಕ್ಷೇತ್ರದಲ್ಲಿ ಕೂಲಿಗೆ ಹೋಗುತ್ತಿದ್ದ ತಾಯಿಯ ಬೆನ್ನು ಹಿಡಿದು ತಾವೂ ಹೋದರು. ಬೀಜ ಹೆಕ್ಕುವುದು, ಮಡಿ ಮಾಡುವುದು, ಸಸಿಗೆ ನೀರುಣಿಸುವುದು, ಇದೇ ಅವರ ಪಾಠಶಾಲೆಯಾಯಿತು. ಮೂವತ್ತು ವರ್ಷಗಳಿಗೂ ಮಿಕ್ಕಿ ದಿನಗೂಲಿಯವರಾಗಿಯೇ ದುಡಿದರು. ನೌಕರಿ ಕಾಯಂ ಆದದ್ದು ಆ ಬಳಿಕ.

ಹಾಗಾದರೆ ಇತರ ಕೂಲಿಯಾಳುಗಳಿಗಿಂತ ಅವರು ಹೇಗೆ ಭಿನ್ನರು? ಕಾಡಿನ ಪ್ರತಿಯೊಂದು ಜಾತಿಯಲ್ಲಿಯೂ ತಾಯಿಮರ ಯಾವುದೆಂಬುದನ್ನು ಅವರು ಬಲ್ಲವರಾಗಿದ್ದರು. ಎಲ್ಲ ಮರಗಳ ಬೀಜವೂ ಒಳ್ಳೆಯ ಸಸಿಯನ್ನು ಕೊಡುವುದಿಲ್ಲ. ನೆಟ್ಟಗೆ ಬೆಳೆದ, ರೋಗವಿಲ್ಲದ, ತುಂಬು ಪ್ರಾಯದ ಮರವನ್ನು ಗುರುತಿಸಬೇಕು. ಅದರ ಬೀಜ ಬಲಿಯುವ ಕಾಲವನ್ನರಿತು ಸಂಗ್ರಹಿಸಬೇಕು. ನಮ್ಮ ಮಳೆಕಾಡಿನ ಅನೇಕ ಮರಗಳ ಬೀಜಗಳು ಒಣಗಿದರೆ ಸತ್ತುಹೋಗುತ್ತವೆ. ಕೆಲವೇ ದಿನಗಳಲ್ಲಿ ಮಣ್ಣು ಸೇರದಿದ್ದರೆ ಮೊಳೆಯಲಾರವು. ಪುಸ್ತಕ ಓದಿದ ಅಧಿಕಾರಿಗಳೂ ಈ ವಿಷಯದಲ್ಲಿ ಆಕೆಯ ಮಾತಿಗೆ ಕಿವಿಗೊಡುತ್ತಿದ್ದರು. ಅವರ ಜ್ಞಾನವನ್ನು ಗುರುತಿಸಿ ಮನ್ನಣೆ ಕೊಟ್ಟವರಲ್ಲಿ ಹಿರಿಯ ಅರಣ್ಯಾಧಿಕಾರಿ ಅ. ನ. ಯಲ್ಲಪ್ಪ ರೆಡ್ಡಿಯವರು ಮುಖ್ಯರು.

ಆ ಕಾಲದ ಹಿನ್ನೆಲೆಯನ್ನೂ ಇಲ್ಲಿ ನೆನೆಯಬೇಕು. ನೈಸರ್ಗಿಕ ಕಾಡನ್ನು ಕಡಿದು ಸಾಗುವಾನಿ, ನೀಲಗಿರಿಗಳ ನೆಡುತೋಪು ಮಾಡುವುದೇ ಅಭಿವೃದ್ಧಿಯೆನಿಸಿತ್ತು. ಅದನ್ನು ತಡೆಯಲು 1983ರ ಸೆಪ್ಟೆಂಬರ್ 8ರಂದು ಘಟ್ಟದ ಮೇಲೆ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ನಡೆದು ಮರಗಳನ್ನು ಅಪ್ಪಿಕೊಂಡರು. ಅಪ್ಪಿಕೊ ಚಳವಳಿ ಹುಟ್ಟಿದ್ದು ಹಾಗೆ. ಮೇಲಿನವರು ಇದ್ದ ಮರವನ್ನು ಉಳಿಸಲು ಹೋರಾಡುತ್ತಿದ್ದ ದಿನಗಳಲ್ಲಿ, ಕೆಳಗೆ ತುಳಸಿ ಗೌಡರು ಬರಲಿರುವ ಮರಕ್ಕೆ ಬೀಜ ಆರಿಸುತ್ತಿದ್ದರು. ಮೊದಲನೆಯದು ನಾಡಿಗೆಲ್ಲ ಕೇಳಿಸಿತು, ಎರಡನೆಯದಕ್ಕೆ ಸದ್ದಿರಲಿಲ್ಲ. ಎರಡೂ ಇಲ್ಲದೆ ಕಾಡು ಉಳಿಯದು.

ಮನ್ನಣೆಗಳು ಬಂದವು. 1986ರಲ್ಲಿ ಇಂದಿರಾ ಪ್ರಿಯದರ್ಶಿನಿ ವೃಕ್ಷಮಿತ್ರ ಪ್ರಶಸ್ತಿ, 1999ರಲ್ಲಿ ಕರ್ನಾಟಕ ರಾಜ್ಯೋತ್ಸವ ಪ್ರಶಸ್ತಿ, 2020ನೇ ಸಾಲಿನ ಪದ್ಮಶ್ರೀ. 2021ರ ನವೆಂಬರ್ 8ರಂದು ರಾಷ್ಟ್ರಪತಿ ಭವನದಲ್ಲಿ ಹಾಲಕ್ಕಿಗಳ ಉಡುಗೆಯಲ್ಲಿ, ಕೊರಳ ತುಂಬ ಮಣಿಸರ ಧರಿಸಿ, ಬರಿಗಾಲಲ್ಲಿ ನಡೆದುಬಂದ ಆ ವೃದ್ಧೆಯ ಚಿತ್ರವನ್ನು ದೇಶವೇ ಕಂಡಿತು. ಪ್ರಶಸ್ತಿಯ ಬಳಿಕವೂ ಅವರು ಹೊನ್ನಳ್ಳಿಯಲ್ಲೇ ಉಳಿದರು. ಊರಿಗೆ ತುಳಸಜ್ಜಿಯಾಗಿಯೇ ಇದ್ದರು. 2024ರ ಡಿಸೆಂಬರ್ 16ರಂದು ಅಲ್ಲಿಯೇ ಕೊನೆಯುಸಿರೆಳೆದರು. ಎರಡು ತಿಂಗಳು ತುಂಬುವ ಮೊದಲೇ, 2025ರ ಫೆಬ್ರವರಿ 13ರಂದು, ಅದೇ ಜನಾಂಗದ ಮತ್ತೊಬ್ಬ ಹಿರಿಯಜ್ಜಿ, ಹಾಡುಗಳ ಕಣಜವೆನಿಸಿದ್ದ ಬಡಗೇರಿಯ ಪದ್ಮಶ್ರೀ ಸುಕ್ರಿ ಬೊಮ್ಮಗೌಡರೂ ಅಗಲಿದರು. ಒಂದು ಮಳೆಗಾಲ ಕಳೆದು ಇನ್ನೊಂದು ಬರುವುದರೊಳಗೆ ನಮ್ಮ ಜಿಲ್ಲೆ ಇಬ್ಬರು ತಾಯಂದಿರನ್ನು ಕಳೆದುಕೊಂಡಿತು.

ತುಳಸಜ್ಜಿ ನೆಟ್ಟು ಬೆಳೆಸಿದ ಗಿಡಗಳು ಎಷ್ಟು ಎಂದು ಲೋಕ ಕೇಳುತ್ತದೆ. ಒಬ್ಬೊಬ್ಬರು ಒಂದೊಂದು ಲೆಕ್ಕ ಹೇಳುತ್ತಾರೆ. ನಮ್ಮ ಎಣಿಕೆಯಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ ಬೇರೊಂದಿದೆ: ಅವರು ಬಲ್ಲದ್ದನ್ನು ಈಗ ಬಲ್ಲವರು ಎಷ್ಟು ಮಂದಿ? ನೆಟ್ಟ ಮರ ನಿಂತಿರುತ್ತದೆ. ತಾಯಿಮರವನ್ನು ಗುರುತಿಸುವ ಕಣ್ಣು ಮಾತ್ರ ಕೈಯಿಂದ ಕೈಗೆ ಸಾಗದಿದ್ದರೆ ಒಂದು ತಲೆಮಾರಿನಲ್ಲೇ ಮುಚ್ಚಿಹೋಗುತ್ತದೆ. ತಾಯಿಯ ಜೊತೆ ಕೂಲಿಗೆ ಹೋದ ಮಗುವಿಗೆ ಆ ಕಣ್ಣು ದೊರಕಿತು ಎಂಬುದನ್ನು ಮರೆಯದಿರೋಣ.

ವಿಶ್ವಗುರು ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಭೂಮಿಯನ್ನು ನಮ್ಮೆಲ್ಲರ ಮನೆಯೆಂದು ಕರೆದು, ಆ ಮನೆಯ ವಿಚಾರ ಬಂದಾಗ ಮೂಲನಿವಾಸಿಗಳ ಮಾತನ್ನು ಮೊದಲು ಕೇಳಬೇಕೆಂದು ಬೋಧಿಸಿದ್ದಾರೆ. ಪ್ರಭು ಯೇಸು ದೇವರ ಸಾಮ್ರಾಜ್ಯವನ್ನು ವಿವರಿಸಲು ಬೀಜವನ್ನೂ ಬಿತ್ತುವವನನ್ನೂ ಆರಿಸಿಕೊಂಡದ್ದು ಸುಮ್ಮನೆಯಲ್ಲ.

ಪ್ರಿಯ ಧರ್ಮಕೇಂದ್ರದ ಬಾಂಧವರೇ, ನಮ್ಮ ದೇವಾಲಯದ ದಫ್ತರದಲ್ಲಿ ಜ್ಞಾನಸ್ನಾನ, ವಿವಾಹ, ಮರಣಗಳ ದಾಖಲೆಗಳಿವೆ. ನಿಮ್ಮ ಮನೆಯ ಅಜ್ಜಿಗೆ ಯಾವ ಬೇರು ಯಾವ ಬೇನೆಗೆಂದು ಗೊತ್ತಿತ್ತು, ಯಾವ ಹಾಡು ಯಾವ ಕೆಲಸಕ್ಕೆ ಒದಗುತ್ತಿತ್ತು ಎಂಬುದು ಅವುಗಳಲ್ಲಿ ಇಲ್ಲ. ಆ ದಾಖಲೆ ಅವರ ಬಳಿಯಲ್ಲಿ ಮಾತ್ರ ಇದೆ. ಅಜ್ಜಿಯರಿನ್ನೂ ನಮ್ಮ ನಡುವೆ ಇರುವಾಗಲೇ, ಮಕ್ಕಳನ್ನು ಕರೆದುಕೊಂಡು ಅವರ ಪಕ್ಕ ಕುಳಿತುಕೊಳ್ಳಿ. ಶತಮಾನೋತ್ಸವದ ವರ್ಷದಲ್ಲಿ ಕುಟುಂಬವೊಂದು ಮಾಡಬಹುದಾದ ಪುಣ್ಯಕಾರ್ಯಗಳಲ್ಲಿ ಇದೂ ಒಂದೆಂದು ನಾವು ವಿನಂತಿಸುತ್ತೇವೆ. ತುಳಸಜ್ಜಿಯ ಆತ್ಮಕ್ಕೆ ಸರ್ವೇಶ್ವರನು ನಿತ್ಯ ಶಾಂತಿಯನ್ನು ದಯಪಾಲಿಸಲಿ.