ಶಾಲೆ ಬಿಟ್ಟ ಮೇಲಿನ ಹಸಿವು

ಕುಂದಾಪುರ, ಬೈಂದೂರು, ಬ್ರಹ್ಮಾವರದ ಕಡೆ ಸರ್ಕಾರಿ ಶಾಲೆಯಲ್ಲಿ ಊಟ ಕೊಡುತ್ತಾರೆ ಎಂಬುದು ಈಗ ಸುದ್ದಿಯೇ ಅಲ್ಲ. ಬೆಳಿಗ್ಗೆ ಹಾಲು, ಮಧ್ಯಾಹ್ನ ಅನ್ನ-ಸಾಂಬಾರು, ಜತೆಗೆ ಮೊಟ್ಟೆ ಇಲ್ಲವೇ ಬಾಳೆಹಣ್ಣು. ಇಲ್ಲಿಗೆ ಬಂದು ಮುಟ್ಟಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಆದರೆ ಸಂಜೆ ನಾಲ್ಕರ ಮೇಲೆ, ಶಾಲೆಯ ಗೇಟು ದಾಟಿದ ಮಗು ಏನು ತಿನ್ನುತ್ತದೆ ಎಂಬ ಲೆಕ್ಕ ಯಾವ ಯೋಜನೆಯ ಪುಸ್ತಕದಲ್ಲೂ ಇಲ್ಲ.

ವಿಚಿತ್ರವೆಂದರೆ, ಹಿಂದಿನವರು ರಾತ್ರಿಯ ಊಟದ ಬಗ್ಗೆಯೂ ಯೋಚಿಸಿದ್ದರು. ದೂರದ ಹಳ್ಳಿಯಿಂದ ಪೇಟೆಗೆ ಓದಲು ಬಂದ ಬಡ ಹುಡುಗ ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದು ಮುಗಿಸುತ್ತಿದ್ದ. ಈ ವಾರಾನ್ನ ಎಷ್ಟೋ ಮಂದಿಯನ್ನು ದಡ ಮುಟ್ಟಿಸಿತು, ನಿಜ. ಆದರೆ ಅದು ಜಾತಿಯ ಗೆರೆ ದಾಟಲಿಲ್ಲ. ದಲಿತರ, ಕೊರಗರ ಮಕ್ಕಳಿಗೆ ಆ ಅಡುಗೆಮನೆಗಳ ಅಂಗಳಕ್ಕೂ ಪ್ರವೇಶವಿರಲಿಲ್ಲ. ಅಂಥ ಮಕ್ಕಳನ್ನು ಶಾಲೆಗೆ ತರಲು ಮಂಗಳೂರಿನಲ್ಲಿ ಪಾಡುಪಟ್ಟವರು ಕುದ್ಮುಲ್ ರಂಗರಾವ್ (1859–1928). ಬಹಿಷ್ಕಾರವನ್ನು ಎದುರಿಸಿ ಅವರು ತೆರೆದ ಶಾಲೆಗಳಲ್ಲಿ ಮಕ್ಕಳಿಗೆ ಊಟವನ್ನೂ ಕೊಡುತ್ತಿದ್ದರೆಂದು ಜಿಲ್ಲೆ ನೆನೆಯುತ್ತದೆ. ಊಟ ಧರ್ಮವಲ್ಲ, ಓದಿನ ಒಂದು ಭಾಗ ಎಂಬ ತಿಳಿವಳಿಕೆ ನಮ್ಮ ಕರಾವಳಿಯಲ್ಲಿ ಅಲ್ಲಿಂದಲೇ ಶುರುವಾಯಿತೆಂದು ನನ್ನ ನಂಬಿಕೆ.

ಊರಲ್ಲಿ ಎರಡು ಹೊತ್ತಿನ ಗಂಜಿಗೆ ಗತಿಯಿಲ್ಲದ ಹುಡುಗರು ಮುಂಬಯಿ ಬಸ್ಸು ಹತ್ತಿದ ಕತೆ ಈ ಮೂರು ತಾಲೂಕಿನ ಮನೆಮನೆಯದು. ಹಗಲು ಹೋಟೆಲಿನಲ್ಲಿ ಗ್ಲಾಸು ತೊಳೆದು ಹೊಟ್ಟೆ ತುಂಬಿಸಿಕೊಂಡು, ರಾತ್ರಿ ಕನ್ನಡ ಶಾಲೆಯ ಬೆಂಚಿನಲ್ಲಿ ಕೂರುತ್ತಿದ್ದರು. ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ಸಂಸ್ಥೆಗಳು ಅಲ್ಲಿ ನಡೆಸಿದ ರಾತ್ರಿಶಾಲೆಗಳಲ್ಲಿ ಕಲಿತವರು ಮುಂದೆ ವಕೀಲರಾದರು, ಬ್ಯಾಂಕ್ ನೌಕರರಾದರು, ಉದ್ಯಮಿಗಳಾದರು. ಅನ್ನವೂ ಅಕ್ಷರವೂ ಒಂದೇ ದಿನದಲ್ಲಿ ಸಿಗಬೇಕಾದರೆ ಊರು ಬಿಡಬೇಕಾಗಿತ್ತು.

1956ರ ನವೆಂಬರ್ 1ರ ತನಕ ನಾವು ಮದ್ರಾಸಿಗೆ ಸೇರಿದವರು. ಕಾಮರಾಜರು ಶಾಲಾ ಮಕ್ಕಳ ಮಧ್ಯಾಹ್ನದೂಟವನ್ನು ರಾಜ್ಯದ ಕೆಲಸವಾಗಿ ಕೈಗೆತ್ತಿಕೊಂಡ ಹೊತ್ತಿಗೆ ಸರಿಯಾಗಿ, ಆಗ ನಾವಿದ್ದ ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು. ಏಕೀಕರಣದ ಸಂತೋಷ ದೊಡ್ಡದು, ಅದರಲ್ಲಿ ಎರಡು ಮಾತಿಲ್ಲ. ಆದರೆ ಮದ್ರಾಸಿನಲ್ಲಿ ಬೇರೂರಿದ ಆ ಊಟ ನಮ್ಮ ಮಕ್ಕಳ ತಟ್ಟೆಗೆ ಬರಲು ಇನ್ನೂ ನಾಲ್ಕೂವರೆ ದಶಕ ಕಾಯಬೇಕಾಯಿತು.

ನಡುವೆ ಬಂದದ್ದು ಕೇರ್ ಸಂಸ್ಥೆಯ ಉಪ್ಪಿಟ್ಟು. ಅರುವತ್ತು, ಎಪ್ಪತ್ತರ ದಶಕದಲ್ಲಿ ಓದಿದವರಿಗೆ ಅಮೆರಿಕದ ಗೋಧಿ ನುಚ್ಚಿನ ವಾಸನೆ, ಬಿಸಿನೀರಿಗೆ ಕಲಸಿದ ಹಾಲಿನ ಪುಡಿ ಇನ್ನೂ ನೆನಪಿದೆ. ಬಾಳೆಲೆ ಚೂರೋ, ಮನೆಯಿಂದ ತಂದ ತಟ್ಟೆಯೋ ಹಿಡಿದು ಸಾಲು ನಿಲ್ಲುವುದು. ಹಡಗು ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. 1975ರ ಅಕ್ಟೋಬರ್ 2ರಂದು ಶುರುವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಅಂಗನವಾಡಿಯ ಚಿಕ್ಕವರನ್ನು ನೋಡಿಕೊಂಡಿತು. ದೊಡ್ಡವರಿಗೆ 1995ರ ಆಗಸ್ಟ್ 15ರಿಂದ ಕೇಂದ್ರದ ಯೋಜನೆಯಲ್ಲಿ ಹಾಜರಾತಿ ನೋಡಿ ತಿಂಗಳಿಗೆ 3 ಕೆ.ಜಿ. ಧಾನ್ಯ ಕೊಡುವ ಕ್ರಮ ಬಂತು. ಆ ಅಕ್ಕಿ ಮನೆಯ ಮಡಕೆಗೆ ಸೇರಿ ಎಲ್ಲರಿಗೂ ಹಂಚಿಹೋಗುತ್ತಿತ್ತು. ಮಗುವಿನ ಪಾಲು ಎಷ್ಟೆಂದು ಹೇಳುವವರಿಲ್ಲ.

ನಿಜವಾದ ತಿರುವು 2001ರ ನವೆಂಬರ್ 28ರದು. ನಾಗರಿಕ ಹಕ್ಕುಗಳ ಸಂಘಟನೆ ಪಿಯುಸಿಎಲ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಬೇಯಿಸಿದ ಊಟವನ್ನೇ ಕೊಡಬೇಕೆಂದು ಆದೇಶಿಸಿತು. ಕರ್ನಾಟಕದಲ್ಲಿ ಬಿಸಿಯೂಟದ ಯೋಜನೆ ಅಕ್ಷರ ದಾಸೋಹ 2002ರ ಜೂನ್‌ನಲ್ಲಿ ಉತ್ತರದ ಏಳು ಜಿಲ್ಲೆಗಳಲ್ಲಿ ಮೊದಲಾಗಿ, 2003ರಲ್ಲಿ ಉಡುಪಿ ಸೇರಿ ಉಳಿದ ಕಡೆಗೂ ಬಂತು. ಆಮೇಲೆ ಹಂತಹಂತವಾಗಿ ಹತ್ತನೆಯ ತರಗತಿಯವರೆಗೂ ಏರಿತು. ಎಲ್ಲ ಜಾತಿಯ ಮಕ್ಕಳು ಶಾಲೆಯ ಜಗಲಿಯಲ್ಲಿ ಒಂದೇ ಸಾಲಿನಲ್ಲಿ ಕೂತು ಉಂಡದ್ದು, ಅಂಕಿಅಂಶಕ್ಕೆ ಸಿಗದಿದ್ದರೂ, ಇದರ ಅತಿ ದೊಡ್ಡ ಫಲ.

ಆದರೆ ತಟ್ಟೆಯಲ್ಲಿದ್ದುದು ಬೆಳ್ತಿಗೆ ಅಕ್ಕಿ. ಮನೆಯಲ್ಲಿ ಕುಚ್ಚಲಕ್ಕಿ ಗಂಜಿ, ಕುಚ್ಚಲಕ್ಕಿ ಅನ್ನ ಉಂಡು ಬೆಳೆದ ಮಗುವಿಗೆ ಬಿಳಿ ಅನ್ನ ಹೊಟ್ಟೆ ತುಂಬಿದಂತೆ ಅನ್ನಿಸುವುದಿಲ್ಲ. ಇದು ಬರೀ ನಾಲಿಗೆಯ ಚಪಲವಲ್ಲ. ಭತ್ತವನ್ನು ಬೇಯಿಸಿ ಒಣಗಿಸುವಾಗ ತವುಡಿನ ಬಿ ಜೀವಸತ್ವ ಕಾಳಿನೊಳಕ್ಕೆ ಇಳಿಯುತ್ತದೆ, ಕೆಂಪು ಪದರವೂ ಅಷ್ಟಿಷ್ಟು ಉಳಿಯುತ್ತದೆ. ಬ್ರಹ್ಮಾವರದಲ್ಲೇ ಕೃಷಿ ಸಂಶೋಧನಾ ಕೇಂದ್ರವಿದೆ, ಸುತ್ತ ಗದ್ದೆಗಳಿವೆ, ಅಕ್ಕಿಮಿಲ್ಲುಗಳಿವೆ. ಆದರೂ ಶಾಲೆಯ ಅಕ್ಕಿ ಬರುವುದು ಭಾರತೀಯ ಆಹಾರ ನಿಗಮದ ಗೋದಾಮಿನಿಂದ. ಬ್ರೆಜಿಲ್ 2009ರ ಕಾನೂನಿನಲ್ಲಿ, ಶಾಲಾ ಊಟಕ್ಕೆ ಕೇಂದ್ರ ಕೊಡುವ ಹಣದಲ್ಲಿ ಕನಿಷ್ಠ ಶೇ. 30ನ್ನು ಸಣ್ಣ ರೈತ ಕುಟುಂಬಗಳ ಬೆಳೆ ಕೊಳ್ಳಲು ಬಳಸಬೇಕೆಂದು ಬರೆದುಕೊಂಡಿತು. ಕುಚ್ಚಲಕ್ಕಿಯನ್ನು ಪಡಿತರಕ್ಕೂ ಬಿಸಿಯೂಟಕ್ಕೂ ತರಬೇಕೆಂಬ ನಮ್ಮ ಬೇಡಿಕೆ ಮಾತ್ರ ಸಭೆಯಿಂದ ಸಭೆಗೆ ಸಾಗುತ್ತಲೇ ಬಂದಿದೆ.

2013ರ ಆಗಸ್ಟ್‌ನಲ್ಲಿ ಕ್ಷೀರಭಾಗ್ಯ ಬಂತು, ಮಗುವಿಗೆ 150 ಮಿ.ಲೀ. ಹಾಲು. ಮೊಟ್ಟೆ 2021ರಲ್ಲಿ ಕಲ್ಯಾಣ ಕರ್ನಾಟಕದ ಕಡೆ ಶುರುವಾಗಿ, ಮರುವರ್ಷ ನಮ್ಮಲ್ಲಿಗೂ ಬಂತು. 2024ರಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ನೆರವಿನಲ್ಲಿ ವಾರಕ್ಕೆ ಆರು ದಿನ. ಮೀನು ತಿನ್ನುವ ಊರಿನಲ್ಲಿ ಮೊಟ್ಟೆಯ ಚರ್ಚೆ ಅಷ್ಟೇನೂ ಕಾವೇರಲಿಲ್ಲ.

ದೇವಸ್ಥಾನಗಳ ಪಾತ್ರವನ್ನು ಬಿಟ್ಟು ಈ ಚರಿತ್ರೆ ಬರೆಯಲಾಗದು. ಉಡುಪಿ ಕೃಷ್ಣಮಠದ ಚಿಣ್ಣರ ಸಂತರ್ಪಣೆ ಎಷ್ಟೋ ಶಾಲೆಗಳ ಮಧ್ಯಾಹ್ನವನ್ನು ನೋಡಿಕೊಂಡಿದೆ. ಕೊಲ್ಲೂರು ಮೂಕಾಂಬಿಕಾ ದೇವಸ್ಥಾನದ ಹಣ 2007ರಿಂದ ಬಂಟ್ವಾಳ ತಾಲೂಕಿನ ಕಲ್ಲಡ್ಕ, ಪುಣಚದ ಎರಡು ಖಾಸಗಿ ಶಾಲೆಗಳ ಮಕ್ಕಳ ಊಟಕ್ಕೂ ಹೋಗುತ್ತಿತ್ತು. 2017ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿದಾಗ ಮಕ್ಕಳು ತಟ್ಟೆ ಹಿಡಿದು ಬೀದಿಗಿಳಿದರು. ಯಾರ ವಾದ ಸರಿ ಎಂಬುದು ಇಲ್ಲಿ ಮುಖ್ಯವಲ್ಲ. ಅನ್ನ ಯಾರದೋ ಮರ್ಜಿಯಲ್ಲಿದ್ದರೆ, ಒಂದು ಸಹಿ ಬಿದ್ದಾಗ ಮಗುವಿನ ಎಲೆ ಮಗುಚಿಬೀಳುತ್ತದೆ.

ಈಗ ಸಂಜೆಯ ಮಾತು. ಗೇರುಬೀಜದ ಫ್ಯಾಕ್ಟರಿಗೆ ಹೋದ ತಾಯಿ, ಮೀನು ಬುಟ್ಟಿ ಹೊತ್ತು ಊರೂರು ಸುತ್ತುವ ತಾಯಿ ಮನೆ ಸೇರುವುದು ಕತ್ತಲಾಗುವ ಹೊತ್ತಿಗೆ. ಅಕ್ಕನ ಹೆಗಲಿಗೆ ಎರಡು ಚೀಲ, ಕೈಯಲ್ಲಿ ತಮ್ಮ. ಬಾಗಿಲು ತೆಗೆದವಳೇ ಅವಳು ಮೊದಲು ಅನ್ನದ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಾಳೆ. ಬೆಳಗ್ಗಿನ ಗಂಜಿ ತಳದಲ್ಲಿದ್ದರೆ ತಮ್ಮನಿಗೆ, ಇಲ್ಲದಿದ್ದರೆ ಅಂಗಡಿಯ ಐದು ರೂಪಾಯಿಯ ಕುರುಕಲು ಪ್ಯಾಕೆಟು. ಮಧ್ಯಾಹ್ನದ ಊಟದಿಂದ ರಾತ್ರಿಯ ಊಟಕ್ಕೆ ಏಳೆಂಟು ತಾಸು. ಎಸ್ಸೆಸ್ಸೆಲ್ಸಿ ವಿಶೇಷ ತರಗತಿ ನಡೆಯುವ ತಿಂಗಳುಗಳಲ್ಲಿ ಶಿಕ್ಷಕರು, ಹಳೆ ವಿದ್ಯಾರ್ಥಿಗಳು ಕೈಯಿಂದ ಹಾಕಿ ಅವಲಕ್ಕಿ, ಬಿಸ್ಕತ್ತು, ಚಹಾ ಕೊಡಿಸುತ್ತಾರೆ. ಆ ಋಣ ದೊಡ್ಡದು. ಆದರೆ ಮೂರನೇ ತರಗತಿಯ ಮಗುವಿಗೆ ಪಬ್ಲಿಕ್ ಪರೀಕ್ಷೆ ಇಲ್ಲ, ಹಾಗಾಗಿ ಉಪಾಹಾರವೂ ಇಲ್ಲ.

ಹಸಿವಿನ ಕ್ಯಾಲೆಂಡರೂ ನಮ್ಮದು ಬೇರೆ. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಊಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲಿ ಹೇಳಿತು. ಬಯಲುಸೀಮೆಗೆ ಅದು ಸರಿ. ಕರಾವಳಿಯ ಕಷ್ಟ ಮಳೆಯದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ದೋಣಿಗಳಿಗೆ ನಿಷೇಧ. ಗಂಗೊಳ್ಳಿ ಬಂದರಿನಲ್ಲಿ ಬೋಟುಗಳು ದಡದಲ್ಲಿ ನಿಂತಿರುವಾಗಲೇ ಶಾಲೆ ಶುರುವಾಗುತ್ತದೆ, ಪುಸ್ತಕ, ಕೊಡೆ, ಸಮವಸ್ತ್ರದ ಖರ್ಚು ಬರುತ್ತದೆ. ಆಸಾಡಿ ತಿಂಗಳಲ್ಲಿ ಕೂಲಿಯೂ ಇಲ್ಲ. ಕೊರಗ ಕುಟುಂಬಗಳಿಗೆ ಮಳೆಗಾಲದಲ್ಲಿ ಅಕ್ಕಿ, ಬೇಳೆ, ಮೊಟ್ಟೆ, ಬೆಲ್ಲ ಕೊಡಲೆಂದು ಶುರುವಾದ ಪೌಷ್ಟಿಕ ಆಹಾರ ಯೋಜನೆ ಈ ಸತ್ಯವನ್ನು ಗುರುತಿಸಿ ರೂಪುಗೊಂಡದ್ದು.

ತಮಿಳುನಾಡು 2022ರ ಸೆಪ್ಟೆಂಬರ್‌ನಲ್ಲಿ ಬೆಳಗ್ಗಿನ ತಿಂಡಿಗೆ ಕೈಹಾಕಿತು. ಅಮೆರಿಕದಲ್ಲಿ ಬಡವರು ಹೆಚ್ಚಿರುವ ಬಡಾವಣೆಗಳಲ್ಲಿ ಶಾಲೆ ಬಿಟ್ಟ ನಂತರದ ಊಟಕ್ಕೆ ಕೇಂದ್ರ ಸರ್ಕಾರವೇ ಹಣ ಕೊಡುತ್ತದೆ. 2010ರ ಕಾನೂನು ಅದನ್ನು ಎಲ್ಲ ರಾಜ್ಯಗಳಿಗೂ ವಿಸ್ತರಿಸಿತು. ಅಲ್ಲಿ ಪ್ರತಿ ಮಗುವಿನ ಆದಾಯ ಪ್ರಮಾಣಪತ್ರ ಕೇಳುವುದಿಲ್ಲ, ಆ ಪ್ರದೇಶವನ್ನು ನೋಡುತ್ತಾರೆ. ನಮಗೆ ಹೊಂದುವ ಅಂಶ ಇದೇ. ಮೀನುಗಾರರ ಕೇರಿ, ಕೊರಗರ ಕಾಲೊನಿ, ಕಾರ್ಮಿಕರು ಹೆಚ್ಚಿರುವ ವಾರ್ಡುಗಳ ಶಾಲೆಗಳನ್ನು ಗುರುತಿಸಿ, ಕಡೇಪಕ್ಷ ಜೂನ್‌ನಿಂದ ಆಗಸ್ಟ್‌ವರೆಗೆ ಸಂಜೆ ಬೆಲ್ಲ-ಕಾಯಿತುರಿ ಹಾಕಿದ ಅವಲಕ್ಕಿ, ಬೇಯಿಸಿದ ಹೆಸರುಕಾಳು ಕೊಡಬಹುದು. ಒಲೆ, ಪಾತ್ರೆ, ಗ್ಯಾಸು ಶಾಲೆಯಲ್ಲಿ ಈಗಾಗಲೇ ಇವೆ.

ಇಲ್ಲದಿರುವುದು ಅಡುಗೆಯವರಿಗೆ ನ್ಯಾಯವಾದ ಸಂಬಳ. 2022ರಲ್ಲಿ ಮುಖ್ಯ ಅಡುಗೆಯವರ ಗೌರವಧನ ತಿಂಗಳಿಗೆ 3,700 ರೂಪಾಯಿಗೆ ಏರಿತ್ತು, 2025-26ರ ಬಜೆಟ್ ಇನ್ನೊಂದು ಸಾವಿರ ಸೇರಿಸಿತು. ಬೆಳಿಗ್ಗೆ ಹಾಲು ಕಾಯಿಸಿ, ಮಧ್ಯಾಹ್ನ ಬಡಿಸಿ, ಪಾತ್ರೆ ತೊಳೆದಿಟ್ಟು ಹೋಗುವ ಈ ಹೆಂಗಸರ ಮಕ್ಕಳೂ ಹೆಚ್ಚಾಗಿ ಅದೇ ಶಾಲೆಯವರು. ಸಂಜೆಯ ಕೆಲಸವನ್ನೂ ಅವರಿಗೇ ಒಪ್ಪಿಸುವುದಾದರೆ ಅದನ್ನು ಸೇವೆಯೆಂದು ಕರೆಯದೆ, ಪೂರ್ಣಾವಧಿ ನೌಕರಿಯೆಂದು ಬರೆದು, ಕನಿಷ್ಠ ವೇತನದ ಲೆಕ್ಕದಲ್ಲಿ ಕೊಡಬೇಕು. ಯೋಜನೆಯ ಕಡತದಲ್ಲಿ ಮೊದಲು ಬರೆಯಬೇಕಾದ ಸಾಲು ಅದು, ಅವಲಕ್ಕಿಯ ತೂಕ ಆಮೇಲಿನದು.