ಹಲಗೆಯ ಮೇಲಿನ ಊಟ, ಮೇಣದ ಬೆಳಕಿನ ಮೇಜು

ನಮ್ಮ ಊರುಗಳ ಬಸ್ ನಿಲ್ದಾಣದ ಎದುರು 'ಬೋರ್ಡಿಂಗ್ ಅಂಡ್ ಲಾಡ್ಜಿಂಗ್' ಎಂಬ ಫಲಕವನ್ನು ನೀವು ನೋಡಿಯೇ ಇರುತ್ತೀರಿ. ಲಾಡ್ಜಿಂಗ್ ಎಂದರೆ ತಂಗುವುದು, ಸರಿ. ಬೋರ್ಡಿಂಗ್ ಎಂದರೆ ಊಟ ಎಂದು ಹೇಗಾಯಿತು? ಬೋರ್ಡ್ ಎಂದರೆ ಹಲಗೆಯಲ್ಲವೆ?

ಹೌದು, ಹಲಗೆಯೇ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಊಟದ ಮೇಜು ಎಂಬ ಕಾಯಂ ವಸ್ತು ಅನೇಕ ಮನೆಗಳಲ್ಲಿ ಇರಲಿಲ್ಲ. ಊಟದ ಹೊತ್ತಿಗೆ ಕುದುರೆಕಾಲಿನಂಥ ಆಧಾರಗಳ ಮೇಲೆ ಉದ್ದನೆಯ ಹಲಗೆ ಹಾಕುತ್ತಿದ್ದರು, ಊಟವಾದ ಮೇಲೆ ಎತ್ತಿ ಗೋಡೆಗೆ ಒರಗಿಸುತ್ತಿದ್ದರು. ಹಲಗೆಯ ಹೆಸರು ಅದರ ಮೇಲಿನ ಊಟಕ್ಕೂ ಬಂತು. ಕಂಪೆನಿಗಳ 'ಬೋರ್ಡ್ ಆಫ್ ಡೈರೆಕ್ಟರ್ಸ್' ಕೂಡ ಅದೇ ಹಲಗೆಯ ಸುತ್ತ ಕುಳಿತವರು.

ಆ ಒರಟು ಹಲಗೆ ಇಂದು ಬಿಳಿ ಬಟ್ಟೆ, ಹೂವು, ಗಾಜಿನ ಲೋಟ, ಮೇಣದಬತ್ತಿಗಳಿಂದ ಸಿಂಗರಿಸಿಕೊಂಡ ಮದುವೆಯ ಮೇಜಾಗಿದೆ. ಅಮೆರಿಕದ ನ್ಯೂ ಇಂಗ್ಲೆಂಡ್ ಪ್ರಾಂತದಲ್ಲಿ ಹಳ್ಳಿಗಾಡಿನ ಹಳೆಯ 'ಇನ್'ಗಳನ್ನು ಮದುವೆ, ವಾರ್ಷಿಕೋತ್ಸವಗಳಿಗಾಗಿ ಕಾಯ್ದಿರಿಸುವವರು ಬಹಳ. ಬರುವ ಅತಿಥಿಗಳು ಆ ಮೇಜಿನಲ್ಲಿ ಮುನ್ನೂರು ವರ್ಷದ ಹಿಂದಿನ ಸೊಗಸನ್ನು ಕಾಣುತ್ತಾರೆ. ಆದರೆ ಮುನ್ನೂರು ವರ್ಷದ ಹಿಂದೆ ಅಲ್ಲಿ ಆ ಸೊಗಸು ಇತ್ತೆ?

ಮ್ಯಾಸಚೂಸೆಟ್ಸ್ ರಾಜ್ಯದ ಸಡ್‌ಬರಿಯಲ್ಲಿರುವ 'ವೇಸೈಡ್ ಇನ್' ಇದಕ್ಕೆ ಒಳ್ಳೆಯ ಉದಾಹರಣೆ. ಬಾಸ್ಟನ್ನಿನಿಂದ ಪಶ್ಚಿಮಕ್ಕೆ ಸುಮಾರು 30 ಕಿಲೋಮೀಟರ್ ದೂರ, ಹಳೆಯ ಅಂಚೆ ರಸ್ತೆಯ ಬದಿ. 1716ರಲ್ಲಿ ಡೇವಿಡ್ ಹೋ ಎಂಬಾತ ಪರವಾನಗಿ ಪಡೆದು ತನ್ನ ಮನೆಯಲ್ಲೇ ದಾರಿಹೋಕರಿಗೆ ಊಟ, ಮದ್ಯ, ಹಾಸಿಗೆ ಒದಗಿಸತೊಡಗಿದ. ಮುಂದೆ ಅದಕ್ಕೆ ಕೆಂಪು ಕುದುರೆಯ ಫಲಕ ಬಂತು. ಅವನ ಮಗ ಎಜಿಕೀಲ್ 1775ರ ಏಪ್ರಿಲ್ 19ರಂದು ಸಡ್‌ಬರಿಯ ಜನರೊಂದಿಗೆ ಕಾನ್‌ಕಾರ್ಡ್‌ಗೆ ನಡೆದು ಬ್ರಿಟಿಷರನ್ನು ಎದುರಿಸಿದವನು. ನಾಲ್ಕು ತಲೆಮಾರು ಒಂದೇ ಮನೆತನ ಆ ಇನ್ ನಡೆಸಿತು.

ಇನ್ನನ್ನು ನಮ್ಮ ಛತ್ರಕ್ಕೆ ಹೋಲಿಸಬೇಡಿ. ಛತ್ರ ಪುಣ್ಯಕ್ಕೆ ಕಟ್ಟಿಸಿದ್ದು, ಇನ್ ವ್ಯಾಪಾರಕ್ಕೆ. ಅಲ್ಲಿನ ಊಟಕ್ಕೆ 'ಆರ್ಡಿನರಿ' ಎಂದು ಹೆಸರು. ನಿಗದಿತ ವೇಳೆ, ನಿಗದಿತ ಬೆಲೆ, ಮನೆಯೊಡೆಯ ಮಾಡಿಸಿದ್ದೇ ಅಡುಗೆ. ಗಾಡಿ ಹೊಡೆಯುವವನೂ ನ್ಯಾಯಾಧೀಶನೂ ಒಂದೇ ಮೇಜಿಗೆ ಕೂರಬೇಕು. ರಾತ್ರಿ ಅಪರಿಚಿತರೊಡನೆ ಹಾಸಿಗೆ ಹಂಚಿಕೊಳ್ಳುವುದೂ ಮಾಮೂಲು.

ಹಗ್ಗದಂಥ ಮೇಜುವಸ್ತ್ರ

ಆ ಕಾಲದ ಮೇಜು ಹೇಗಿತ್ತು ಎಂಬುದಕ್ಕೆ ಕಣ್ಣಾರೆ ಕಂಡ ಸಾಕ್ಷಿಯೇ ಇದೆ. ಬಾಸ್ಟನ್ನಿನ ಸೆರಾ ಕೆಂಬಲ್ ನೈಟ್ ಎಂಬ ಮಹಿಳೆ 1704ರಲ್ಲಿ ಕುದುರೆಯೇರಿ ನ್ಯೂಯಾರ್ಕಿಗೆ ಹೋಗಿಬಂದಳು. ಆಕೆಯ ದಿನಚರಿ 1825ರಲ್ಲಿ ಅಚ್ಚಾಯಿತು. ಅವಳು ಹಿಡಿದದ್ದು ಸಡ್‌ಬರಿಯ ದಾರಿಯಲ್ಲ, ಕರಾವಳಿಯ ದಾರಿ. ಆದರೆ ಇನ್ನುಗಳ ಪಾಡು ಎಲ್ಲೆಡೆಯೂ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಊಟ ಕೇಳಿದಾಗ ಮನೆಯಾಕೆ ಹಗ್ಗದಂತೆ ಹುರಿಗೊಂಡ, ಹಗ್ಗಕ್ಕಿಂತ ತುಸು ಬೆಳ್ಳಗಿದ್ದ ಏನನ್ನೋ ತಂದು ಹಲಗೆಯ ಮೇಲಿಟ್ಟು, ಜೀವ ಹೋಗುವಂತೆ ಎಳೆದೆಳೆದು ಹರಡಿದಳಂತೆ. ಅದು ಮೇಜುವಸ್ತ್ರ! ಆಮೇಲೆ ಬಂದದ್ದು ಹಂದಿಮಾಂಸ, ಎಲೆಕೋಸು. ಅದರ ಗೊಜ್ಜು ಎಂಥ ಕಡು ನೇರಳೆ ಬಣ್ಣದ್ದೆಂದರೆ, ಬಟ್ಟೆಗೆ ಬಣ್ಣ ಹಾಕುವ ಹಂಡೆಯಲ್ಲೇ ಬೇಯಿಸಿರಬೇಕು ಎಂದು ಸೆರಾಗೆ ಅನುಮಾನ. ಇಷ್ಟೆಲ್ಲ ಗೇಲಿ ಮಾಡಿದ ಆಕೆ ಮುಂದೆ ಕನೆಕ್ಟಿಕಟ್‌ನಲ್ಲಿ ತಾನೇ ಇನ್ ನಡೆಸಿದಳು ಎಂಬುದು ಸ್ವಾರಸ್ಯ.

ಬಟ್ಟೆ ಒರಟಾದರೂ ಹಾಸಿದ್ದಳಲ್ಲ ಎಂಬುದನ್ನು ಗಮನಿಸಬೇಕು. ಕೈ, ಬಾಯಿ ಒರೆಸಲು ಬಟ್ಟೆ ಬೇಕೇಬೇಕಿತ್ತು, ಏಕೆಂದರೆ ಫೋರ್ಕ್ ಇರಲಿಲ್ಲ. ಇಟಲಿಯಲ್ಲಿ ಫೋರ್ಕ್ ಕಂಡು ಮೆಚ್ಚಿದ ಥಾಮಸ್ ಕೋರಿಯಟ್ ಎಂಬ ಪ್ರವಾಸಿ 1611ರಲ್ಲಿ ಅದನ್ನು ಪುಸ್ತಕದಲ್ಲಿ ವರ್ಣಿಸಿದಾಗ ಇಂಗ್ಲಿಷರು ಅವನನ್ನೇ ಹಾಸ್ಯ ಮಾಡಿದರು. (ಈ ಪುಣ್ಯಾತ್ಮ ಬಹುಪಾಲು ಕಾಲ್ನಡಿಗೆಯಲ್ಲೇ ಭಾರತಕ್ಕೆ ಬಂದು, ಜಹಾಂಗೀರನನ್ನು ಕಂಡು, 1617ರಲ್ಲಿ ಸೂರತ್ತಿನಲ್ಲಿ ತೀರಿಕೊಂಡ. ಕೈಯಲ್ಲಿ ಉಣ್ಣುವವರ ನಾಡಿಗೇ ಕೊನೆಗೆ ಬಂದನೆನ್ನಿ.) ಮ್ಯಾಸಚೂಸೆಟ್ಸ್‌ನ ಗವರ್ನರ್ ಜಾನ್ ವಿಂತ್ರಾಪ್‌ಗೆ 1633ರಲ್ಲಿ ಇಂಗ್ಲೆಂಡಿನಿಂದ ಒಂದು ಫೋರ್ಕ್ ಬಂದದ್ದು ದಾಖಲಾಗಿದೆ. ದಾಖಲಾಗುವಷ್ಟು ಅದು ಅಪರೂಪ.

ಇದರಿಂದ ಒಂದು ವಿಚಿತ್ರ ಅಭ್ಯಾಸ ಹುಟ್ಟಿತೆಂದು ಪುರಾತತ್ತ್ವಜ್ಞ ಜೇಮ್ಸ್ ಡೀಟ್ಜ್ ವಿವರಿಸಿದ್ದಾನೆ. ಇಂಗ್ಲೆಂಡಿನಲ್ಲಿ ಫೋರ್ಕ್ ರೂಢಿಗೆ ಬಂದ ಮೇಲೆ ಚುಚ್ಚುವ ಕೆಲಸ ಅದರದಾಯಿತು, ಚಾಕುವಿನ ತುದಿ ಮೊಂಡಾಯಿತು. ಮೊಂಡು ಚಾಕುಗಳು ಅಮೆರಿಕಕ್ಕೆ ಬಂದವು, ಫೋರ್ಕ್‌ಗಳು ಬರಲಿಲ್ಲ. ಜನ ಎಡಗೈಯ ಚಮಚದಿಂದ ಮಾಂಸವನ್ನು ಅದುಮಿ ಹಿಡಿದು ಕತ್ತರಿಸಿ, ಚಾಕು ಕೆಳಗಿಟ್ಟು, ಚಮಚವನ್ನು ಬಲಗೈಗೆ ಬದಲಿಸಿ ತಿನ್ನತೊಡಗಿದರು. ಅಮೆರಿಕನ್ನರು ಇಂದಿಗೂ ಫೋರ್ಕನ್ನು ಕೈಯಿಂದ ಕೈಗೆ ಬದಲಾಯಿಸುವುದು ಇದೇ ಕಾರಣಕ್ಕಂತೆ.

ತಟ್ಟೆಗಳು ಮರದವು, ಇಲ್ಲವೇ ತವರ ಬೆರೆಸಿದ ಪ್ಯೂಟರ್ ಎಂಬ ಲೋಹದವು. ಮುಖ್ಯ ಊಟ ಮಧ್ಯಾಹ್ನದ್ದು. ಆದ್ದರಿಂದ ಇಂದು 'ಹಳೆಯ ಕಾಲದ' ಗುರುತಾಗಿರುವ ಮೇಣದಬತ್ತಿಯ ಊಟ ಅಂದಿನ ದಾರಿಹೋಕನಿಗೆ ದಿನದ ಮುಖ್ಯ ಊಟವೇ ಅಲ್ಲ. ಬತ್ತಿ ದುಬಾರಿ; ಅಗ್ಗದ್ದು ದನದ ಕೊಬ್ಬಿನದು, ಹೊಗೆ ಮತ್ತು ವಾಸನೆ ಧಾರಾಳ. ಇನ್ನು ಈ ಮೇಜನ್ನು ಅಣಿಗೊಳಿಸುತ್ತಿದ್ದವರು ಮನೆಯೊಡತಿ, ಹೆಣ್ಣುಮಕ್ಕಳು, ಆಳುಗಳು; ಅನೇಕ ಇನ್ನುಗಳಲ್ಲಿ ಗುಲಾಮರು. ಮ್ಯಾಸಚೂಸೆಟ್ಸ್‌ನಲ್ಲಿ ಗುಲಾಮಗಿರಿಗೆ ನ್ಯಾಯಾಲಯದ ಏಟು ಬಿದ್ದದ್ದು 1783ರಲ್ಲಿ. ಮದುವೆಯ ಅಲಂಕಾರದಲ್ಲಿ ಇವರ ನೆನಪಿಗೆ ಜಾಗವಿಲ್ಲ.

ನಡುಮೇಜು ಖಾಲಿಯಾದದ್ದು

ಹಾಗಾದರೆ ಹೂದಾನಿ ಎಲ್ಲಿಂದ ಬಂತು? ಹದಿನೆಂಟನೆಯ ಶತಮಾನದ ಶ್ರೀಮಂತರ ಔತಣಗಳಲ್ಲಿ 'ಫ್ರೆಂಚ್ ಪದ್ಧತಿ' ಇತ್ತು. ಎಲ್ಲ ಭಕ್ಷ್ಯಗಳನ್ನೂ ಏಕಕಾಲಕ್ಕೆ ಮೇಜಿನ ಮೇಲೆ ಅಳತೆಯಿಟ್ಟಂತೆ ಜೋಡಿಸುವುದು. ಈ ತುದಿಯಲ್ಲಿ ಮಾಂಸವಿದ್ದರೆ ಆ ತುದಿಯಲ್ಲಿ ಅದಕ್ಕೆ ಜೋಡಿಯಾಗಿ ಮೀನು. ನಮ್ಮ ಬಾಳೆಯೆಲೆಯಲ್ಲಿ ಉಪ್ಪು, ಕೋಸಂಬರಿ, ಪಲ್ಯಕ್ಕೆ ತಮ್ಮದೇ ಸ್ಥಾನವಿರುವಂತೆ ಪ್ರತಿ ಪಾತ್ರೆಗೂ ಸ್ಥಾನವಿತ್ತು. ಎಲಿಜಬೆತ್ ರ‍್ಯಾಫಲ್ಡ್ 1769ರಲ್ಲಿ ಪ್ರಕಟಿಸಿದ ಅಡುಗೆ ಪುಸ್ತಕದಲ್ಲಿ ಇದನ್ನು ತೋರಿಸುವ ಮಡಚುವ ನಕ್ಷೆಗಳೇ ಇವೆ. ನೋಡಲು ಭವ್ಯ, ಆದರೆ ಎಲ್ಲವೂ ಆರಿಹೋಗುತ್ತಿತ್ತು, ದೂರದ ಭಕ್ಷ್ಯಕ್ಕೆ ಕೈ ಎಟುಕುತ್ತಿರಲಿಲ್ಲ.

ಹತ್ತೊಂಬತ್ತನೆಯ ಶತಮಾನದಲ್ಲಿ 'ರಷ್ಯನ್ ಪದ್ಧತಿ' ಬಂತು. 1808ರಿಂದ 1812ರವರೆಗೆ ಪ್ಯಾರಿಸ್ಸಿನಲ್ಲಿ ರಷ್ಯದ ರಾಯಭಾರಿಯಾಗಿದ್ದ ಕುರಾಕಿನ್ ಇದನ್ನು ತಂದನೆಂದು ಹೇಳುವುದು ವಾಡಿಕೆ. ಭಕ್ಷ್ಯಗಳು ಅಡುಗೆಮನೆಯಿಂದ ಒಂದಾದ ಮೇಲೊಂದರಂತೆ ಬಿಸಿಬಿಸಿಯಾಗಿ ಬರತೊಡಗಿದವು, ಬಡಿಸುವವರು ಸುತ್ತ ಓಡಾಡಿದರು. ಆಗ ಮೇಜಿನ ನಡುಭಾಗ ಬರಿದಾಯಿತು! ಆ ಬರಿದು ಜಾಗವನ್ನು ತುಂಬಲು ಬಂದವೇ ಹೂವು, ಹಣ್ಣಿನ ಬಟ್ಟಲು, ದೀಪಸ್ತಂಭ. ಏನೇನು ಬರಲಿದೆ ಎಂದು ಕಾಣದ್ದರಿಂದ ಮೆನು ಕಾರ್ಡ್ ಬೇಕಾಯಿತು. ಸರದಿಗೊಂದರಂತೆ ಚಾಕು, ಫೋರ್ಕ್‌ಗಳ ಸಾಲು ತಟ್ಟೆಯ ಎರಡೂ ಪಕ್ಕ ಬೆಳೆಯಿತು.

ಶ್ರೀಮಂತರ ಈ ಸೊಗಸನ್ನು ಸಾಮಾನ್ಯರ ಮೇಜಿಗೆ ತಂದದ್ದು ಕಾರ್ಖಾನೆ. ಬರ್ಮಿಂಗ್‌ಹ್ಯಾಮಿನ ಎಲ್ಕಿಂಗ್‌ಟನ್ ಕಂಪೆನಿ 1840ರಲ್ಲಿ ವಿದ್ಯುತ್ತಿನಿಂದ ಬೆಳ್ಳಿಯ ಲೇಪ ಕೊಡುವ ಪೇಟೆಂಟ್ ಪಡೆಯಿತು. ಮ್ಯಾಸಚೂಸೆಟ್ಸ್‌ನದೇ ಸ್ಯಾಂಡ್‌ವಿಚ್ ಊರಿನಲ್ಲಿ 1825ರಿಂದ ಗಾಜಿನ ಕಾರ್ಖಾನೆ ನಡೆದು, ಅಚ್ಚಿಗೆ ಒತ್ತಿದ ಗಾಜಿನ ಪಾತ್ರೆ ಅಗ್ಗವಾಯಿತು.

ವಿಪರ್ಯಾಸವೆಂದರೆ ಮೇಜು ಸುಂದರವಾಗುತ್ತಿದ್ದ ಕಾಲಕ್ಕೇ ಹಳ್ಳಿಯ ಇನ್ನುಗಳು ಸೊರಗಿದವು. ರೈಲು ಬಂತು, ಕುದುರೆಗಾಡಿಯ ಪ್ರಯಾಣಿಕರು ನಿಂತರು. 1861ರಲ್ಲಿ ಹೋ ಮನೆತನದ ಕೊನೆಯ ಯಜಮಾನ ಲೈಮನ್ ತೀರಿಕೊಂಡ. ಮರುವರ್ಷ ಕವಿ ಲಾಂಗ್‌ಫೆಲೊ ಆ ಹಳೇ ಮನೆ ನೋಡಲು ಬಂದ. 1863ರಲ್ಲಿ 'ಟೇಲ್ಸ್ ಆಫ್ ಎ ವೇಸೈಡ್ ಇನ್' ಪ್ರಕಟವಾಯಿತು. ಬೆಂಕಿಯ ಮುಂದೆ ಕುಳಿತ ಗೆಳೆಯರು ಒಬ್ಬೊಬ್ಬರಾಗಿ ಕಥೆ ಹೇಳುವ ಕಾವ್ಯ. ಕಟ್ಟಡಕ್ಕೆ ಹೊಸ ಜನ್ಮ ಕೊಟ್ಟದ್ದು ಅಡುಗೆಯಲ್ಲ, ಹಾಸಿಗೆಯಲ್ಲ, ಕವಿತೆ. 1897ರಲ್ಲಿ ಎಡ್ವರ್ಡ್ ಲೆಮನ್ ಎಂಬ ಉಣ್ಣೆ ವ್ಯಾಪಾರಿ ಅದನ್ನು ಕೊಂಡು 'ಲಾಂಗ್‌ಫೆಲೊನ ವೇಸೈಡ್ ಇನ್' ಎಂದು ಹೆಸರಿಟ್ಟ. ಕಾವ್ಯದಲ್ಲಿದ್ದ ಹೆಸರೇ ಮನೆಗೂ ಬಂತು.

1923ರಲ್ಲಿ ಇದನ್ನು ಕೊಂಡವನು ಮೋಟಾರು ದೊರೆ ಹೆನ್ರಿ ಫೋರ್ಡ್. ಕುದುರೆಗಾಡಿಯ ಕಾಲವನ್ನು ಮುಗಿಸಿದವನೇ ಅದರ ನೆನಪನ್ನು ಕೊಂಡುಕೊಂಡ! ಸುತ್ತಲಿನ ಜಮೀನು ಸೇರಿಸಿದ, ಹಳೆಯ ಪೀಠೋಪಕರಣ ತುಂಬಿದ, ಹಳೆಯ ನೃತ್ಯಗಳನ್ನು ಕಲಿಸಲು ಬೆಂಜಮಿನ್ ಲವೆಟ್ ಎಂಬ ಗುರುವನ್ನು ನೇಮಿಸಿದ. 1929ರಲ್ಲಿ ನೀರಿನಿಂದ ನಡೆಯುವ ಹಿಟ್ಟಿನ ಗಿರಣಿ ಕಟ್ಟಿಸಿದ. ವಾಹನಗಳ ಹಾವಳಿ ತಟ್ಟದಿರಲೆಂದು ಹೆದ್ದಾರಿಯನ್ನೇ ಬೇರೆಡೆಗೆ ತಿರುಗಿಸಿದ. 1938ರ ಚಂಡಮಾರುತಕ್ಕೆ ಉರುಳಿದ ಮರಗಳಿಂದ 1940ರಲ್ಲಿ ಕಟ್ಟಿಸಿದ ಪುಟ್ಟ ಪ್ರಾರ್ಥನಾಮಂದಿರಕ್ಕೆ ಅತ್ತೆ ಮಾರ್ಥಾ ಮತ್ತು ತಾಯಿ ಮೇರಿಯ ಹೆಸರಿಟ್ಟ. ಇಂದು ಅಲ್ಲಿ ಮದುವೆಯಾಗಿ ಇನ್ನಿನಲ್ಲಿ ಊಟ ಮಾಡುವವರು ಬಹುಮಟ್ಟಿಗೆ ಫೋರ್ಡ್ ಕಂಡ ಕನಸಿನಲ್ಲಿ ಕೂರುತ್ತಾರೆಯೇ ಹೊರತು ಡೇವಿಡ್ ಹೋನ ಮನೆಯಲ್ಲಲ್ಲ.

ಅದರಲ್ಲೂ ಎಷ್ಟು ಉಳಿದಿದೆ? 1955ರ ಡಿಸೆಂಬರಿನ ಒಂದು ರಾತ್ರಿ ಬೆಂಕಿ ಬಿದ್ದು ಕಟ್ಟಡದ ಬಹುಭಾಗ ಹಾಳಾಯಿತು. ಫೋರ್ಡ್ ಪ್ರತಿಷ್ಠಾನದ ಹಣದಿಂದ ದುರಸ್ತಿಯಾಗಿ 1958ರಲ್ಲಿ ಮತ್ತೆ ತೆರೆಯಿತು. ಇದೆಲ್ಲ ನಕಲಿ ಎಂದು ಮೂಗು ಮುರಿಯುವವರಿದ್ದಾರೆ. ನನಗೆ ಹಾಗನ್ನಿಸುವುದಿಲ್ಲ. ಮನೆ ಸುಟ್ಟ ಮೇಲೆ ಮತ್ತೆ ಕಟ್ಟಬೇಕೆಂದು ಜನರಿಗೆ ಅನ್ನಿಸಿತಲ್ಲ, ಅದು ನಕಲಿಯಲ್ಲ. ಆದರೆ 1860ರ ಹೂದಾನಿಯನ್ನು 1716ರದೆಂದು ಹೇಳಿದಾಗ, ಹಂಡೆಯ ಮುಂದೆ ಬೆವರಿದವರು ಮೇಜಿನಿಂದ ಮಾಯವಾಗುತ್ತಾರೆ. ಆಕ್ಷೇಪ ಅಷ್ಟಕ್ಕೇ.

ಈಚಿನ ವರ್ಷಗಳ ಫ್ಯಾಷನ್ ಇನ್ನೂ ತಮಾಷೆಯದು. ಹಳ್ಳಿಗಾಡಿನ ಮದುವೆಯ ಮೇಜಿನಲ್ಲಿ ಹೂದಾನಿಯ ಬದಲು ಮೇಸನ್ ಜಾಡಿ. ಜಾನ್ ಮೇಸನ್ 1858ರಲ್ಲಿ ಪೇಟೆಂಟ್ ಪಡೆದ ಈ ತಿರುಪು ಮುಚ್ಚಳದ ಜಾಡಿ ಹುಟ್ಟಿದ್ದು ಹಣ್ಣು ತರಕಾರಿ ಕೆಡದಂತೆ ಇಡಲು. ಮೇಜಿನ ಉದ್ದಕ್ಕೂ ನಡುವೆ ಹಾಸುವುದು ಸೆಣಬಿನ ಒರಟು ಪಟ್ಟಿ. ಅಂದರೆ ನಮ್ಮ ಗೋಣಿತಾಟು. ಗೋಣಿಚೀಲಕ್ಕೆ ಇಂಗ್ಲಿಷಿನಲ್ಲಿರುವ 'ಗನ್ನಿ' ಎಂಬ ಪದವೂ ನಮ್ಮ 'ಗೋಣಿ'ಯ ನೆಂಟನೇ. ಅಡಿಕೆ, ಅಕ್ಕಿ ತುಂಬುವ ಬಟ್ಟೆಯನ್ನು ಬಿಳಿ ಲಿನನ್ ಮೇಲೆ ಹಾಸಿ, ಗಾಜಿನ ಲೋಟವಿಟ್ಟು ಅತಿಥಿಗಳನ್ನು ಕರೆಯುವುದನ್ನು ಸೆರಾ ನೈಟ್‌ಗೆ ಊಟ ಬಡಿಸಿದ ಆ ಹೆಂಗಸು ಕಂಡಿದ್ದರೆ, ತನ್ನ ಹಗ್ಗದಂಥ ಬಟ್ಟೆಯನ್ನು ಅಷ್ಟು ಕಷ್ಟಪಟ್ಟು ಎಳೆಯುತ್ತಿರಲಿಲ್ಲವೇನೋ.