ಟ್ಯೂಬಿಂಗನ್ ಗ್ರಂಥಭಾಂಡಾರವೂ ನಮ್ಮ ಪುರಾಣಗಳೂ

ಓಲೆಗರಿಯ ಕಟ್ಟುಗಳನ್ನು ವರುಷಕ್ಕೊಮ್ಮೆ ಪೂಜಿಸಿ, ಬಿಚ್ಚದೆಯೆ ಮತ್ತೆ ಗೂಡಿನಲ್ಲಿರಿಸಿದುದರಿಂದ ನಮ್ಮ ಮನೆಮಠಗಳಲ್ಲಿ ಎಷ್ಟೋ ಗ್ರಂಥಗಳು ಹುಳುವಿನ ಪಾಲಾದುವೆಂಬುದನ್ನು ಸದ್ಭಕ್ತರು ಬಲ್ಲರು. ಬರಹವನ್ನು ಕಾಪಾಡುವುದೊಂದು ಕೆಲಸ. ಅದನ್ನು ಬೇಕಾದವರ ಕೈಗೆ ದೊರಕಿಸುವುದು ಮತ್ತೊಂದು. ಈ ಎರಡನ್ನೂ ನಡೆಸಿಕೊಂಡು ಬಂದ ದೂರದೇಶದ ಗ್ರಂಥಭಾಂಡಾರವೊಂದರ ವೃತ್ತಾಂತವನ್ನು ಇಲ್ಲಿ ನಿರೂಪಿಸುವೆನು. ಬಸವಪುರಾಣದ ಮುದ್ರಣಚರಿತ್ರೆಗೂ ಆ ವಿದ್ಯಾಪೀಠಕ್ಕೂ ನಂಟಿರುವುದೇ ಇದಕ್ಕೆ ಕಾರಣವು.

ಜರ್ಮನಿಯ ಟ್ಯೂಬಿಂಗನ್ ವಿಶ್ವವಿದ್ಯಾಲಯವು ಕ್ರಿ. ಶ. 1477ರಲ್ಲಿ ಸ್ಥಾಪಿತವಾಯಿತು. ಅಲ್ಲಿ ಕ್ರೈಸ್ತ ದೇವತಾಶಾಸ್ತ್ರವನ್ನು ವ್ಯಾಸಂಗ ಮಾಡಿದ ಹರ್ಮನ್ ಮೋಗ್ಲಿಂಗನು 1836ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಮಂಗಳೂರಿಗೆ ಬಂದನು. 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ವೃತ್ತಪತ್ರಿಕೆಯನ್ನು ಹೊರಡಿಸಿದವನು ಈತನೇ. ಕಾಸಮೇಜರ್ ಎಂಬ ನಿವೃತ್ತ ನ್ಯಾಯಾಧಿಪತಿಯ ದ್ರವ್ಯಸಹಾಯದಿಂದ ಈತನು 1848ರಿಂದ ಮೊದಲ್ಗೊಂಡು ಐದಾರು ವರ್ಷ ‘ಬಿಬ್ಲಿಯೊಥಿಕಾ ಕರ್ನಾಟಿಕಾ’ ಎಂಬ ಮಾಲೆಯನ್ನು ಪ್ರಕಟಿಸಿದನು. ಅದರಲ್ಲಿ ಜೈಮಿನಿಭಾರತ, ದಾಸರ ಪದಗಳು ಮುಂತಾದುವುಗಳೊಡನೆ, ಭೀಮಕವಿಯು 1369ರಲ್ಲಿ ರಚಿಸಿದ ಬಸವಪುರಾಣವೂ ವಿರೂಪಾಕ್ಷಪಂಡಿತನ ಚೆನ್ನಬಸವಪುರಾಣವೂ ಕಲ್ಲಚ್ಚಿನಲ್ಲಿ ಬೆಳಕು ಕಂಡುವು. ಆತನ ಅಂತರಂಗದ ಗುರಿಯು ಮತಪ್ರಚಾರವೇ ಆಗಿತ್ತು, ಅದನ್ನು ಮುಚ್ಚಿಡಬೇಕಾದುದಿಲ್ಲ. ಗುರಿಯೇನೇ ಇರಲಿ, ಓಲೆಯಿಂದ ಓಲೆಗೆ ಇಳಿಯುತ್ತ, ಲಿಪಿಕಾರನಿಗೊಂದು ರೀತಿಯಾಗಿ ಮಾರ್ಪಡುತ್ತ ಬಂದಿದ್ದ ಪಾಠವು ಅಚ್ಚಿನಲ್ಲಿ ಒಂದು ನೆಲೆಗೆ ನಿಂತಿತು. ಕನ್ನಡ ಸಾಹಿತ್ಯಸೇವೆಗಾಗಿ ಟ್ಯೂಬಿಂಗನ್ ವಿದ್ಯಾಪೀಠವು 1858ರಲ್ಲಿ ಮೋಗ್ಲಿಂಗನಿಗೂ, 1896ರಲ್ಲಿ ನಿಘಂಟುಕಾರ ಕಿಟ್ಟೆಲನಿಗೂ ಡಾಕ್ಟರ್ ಪದವಿಯನ್ನಿತ್ತು ಗೌರವಿಸಿತು.

ಆ ಕಾಲದಲ್ಲಿ ಗ್ರಂಥಭಾಂಡಾರವು ಊರಿನ ಬೆಟ್ಟದ ಕೋಟೆಯೊಳಗಿತ್ತು. 1912ರಲ್ಲಿ ಹೊಸ ಕಟ್ಟಡಕ್ಕೆ ಬಂದಿತು. 1856ರಿಂದ ಅದರ ಮುಖ್ಯಾಧಿಕಾರಿಯಾಗಿದ್ದವನು ವೇದವಿದ್ವಾಂಸನಾದ ರುಡಾಲ್ಫ್ ರೋಥ್. ಕಾಶ್ಮೀರದ ಮಹಾರಾಜರ ಕಡೆಯಿಂದ ಆತನಿಗೆ ಅಥರ್ವವೇದದ ಭೂರ್ಜಪತ್ರದ ಪ್ರತಿಯೊಂದು ದೊರೆತು, ಅದು ಆ ಭಾಂಡಾರವನ್ನು ಸೇರಿತು. ಮುಟ್ಟಿದರೆ ಪುಡಿಯಾಗುವಂಥ ಆ ತೊಗಟೆಯ ಹಾಳೆಗಳನ್ನು ಎಷ್ಟು ಮಂದಿಗೆ ತೋರಿಸಲಾದೀತು? ಆದುದರಿಂದ ಹಾಳೆಹಾಳೆಯನ್ನೂ ಬಣ್ಣದ ಛಾಯಾಚಿತ್ರವಾಗಿ ತೆಗೆದು 1901ರಲ್ಲಿ ಮೂರು ಸಂಪುಟಗಳನ್ನು ಪ್ರಕಟಿಸಿದರು. ಅಂದಿನಿಂದ ಜಗತ್ತಿನ ಪಂಡಿತರು ಮೂಲವನ್ನು ಮುಟ್ಟದೆಯೇ ಓದತೊಡಗಿದರು. ಇಂದಿನ ಡಿಜಿಟಲ್ ಪ್ರತಿಗಳ ಹಿರಿಯಣ್ಣನೆಂದು ಅದನ್ನು ಕರೆಯಬಹುದು.

ಅದೇ ವಿದ್ಯಾಪೀಠದಲ್ಲಿ 1835ರಲ್ಲಿ ಡಾಕ್ಟರ್ ಪದವಿ ಪಡೆದು, ಬಳಿಕ ತಲಚೇರಿಯಲ್ಲಿ ನೆಲೆಸಿ, ಮಲಯಾಳ ನಿಘಂಟನ್ನು 1872ರಲ್ಲಿ ಹೊರತಂದ ಹರ್ಮನ್ ಗುಂಡರ್ಟನ ಸಂಗ್ರಹವೂ ಇಲ್ಲಿಯೇ ಇದೆ. ‘ಪಯ್ಯನ್ನೂರ್ ಪಾಟ್ಟು’ ಎಂಬ ಹಳೆಯ ಕಾವ್ಯವು ನಷ್ಟವಾಯಿತೆಂದು ಕೇರಳದವರು ಬಹುಕಾಲ ಭಾವಿಸಿದ್ದರು. ವಿದ್ವಾಂಸರಾದ ಸ್ಕಾರಿಯಾ ಸಕರಿಯಾ ಅವರು ಅದರ ಪ್ರತಿಯನ್ನು ಈ ಸಂಗ್ರಹದಲ್ಲಿಯೇ ಕಂಡರು. ತಲಚೇರಿಯ ಕಂಪನಿ ಕಚೇರಿಗೆ ಸಂಬಂಧಿಸಿದ 18ನೆಯ ಶತಮಾನದ ಕೊನೆಯ ಕಾಗದಪತ್ರಗಳೂ ಅಲ್ಲಿಯೇ ಉಳಿದಿದ್ದುವು. ತಾಯ್ನಾಡಿನಲ್ಲಿ ಅಳಿದುದು ಪರದೇಶದಲ್ಲಿ ಉಳಿದುದನ್ನು ಕೇಳಿ ಸಂತೋಷಪಡಬೇಕೋ ನಾಚಬೇಕೋ ತಿಳಿಯದು.

2018ರಲ್ಲಿ ಈ ಸಂಗ್ರಹವೆಲ್ಲವೂ ‘ಗುಂಡರ್ಟ್ ಪೋರ್ಟಲ್’ ಎಂಬ ಹೆಸರಿನಿಂದ ಅಂತರ್ಜಾಲದಲ್ಲಿ ಸರ್ವರಿಗೂ ತೆರೆಯಲ್ಪಟ್ಟಿತು. ಮಲಯಾಳದ ಜೊತೆಯಲ್ಲಿ ಕನ್ನಡ, ತುಳು ಮೊದಲಾದ ಭಾಷೆಗಳ ಪುಸ್ತಕಗಳೂ ಅದರಲ್ಲಿವೆ. ನೋಡುವುದಕ್ಕೆ ಕಾಸಿಲ್ಲ, ಅಪ್ಪಣೆಯ ಪತ್ರ ಬೇಡ. ಆದರೂ ಚಿತ್ರವು ಚಿತ್ರವೇ. ಅದರೊಳಗಿನ ಒಂದು ಶಬ್ದವನ್ನು ಹುಡುಕಬೇಕಾದರೆ ಅಕ್ಷರಗಳನ್ನು ಗಣಕಯಂತ್ರವು ತಿಳಿಯುವಂತೆ ಮರಳಿ ಬರೆಯಬೇಕು. ಮಲಯಾಳದ ಸಾವಿರಾರು ಪುಟಗಳಿಗೆ ಈ ಉಪಕಾರವನ್ನು ಮಾಡುವುದರಲ್ಲಿ ಕೇರಳದ ವಿದ್ಯಾರ್ಥಿಗಳೂ ಉತ್ಸಾಹಿಗಳೂ ಕೈಜೋಡಿಸಿದರು. ಹಳೆಯ ಕಲ್ಲಚ್ಚಿನಲ್ಲಿ ಪದಗಳ ನಡುವೆ ತೆರಪು ಕಡಿಮೆ, ಅಕ್ಷರಗಳು ಕೈಬರಹದಂತೆ, ಯಂತ್ರವು ಎಡವುತ್ತದೆ. ಅಂಥ ಪುಟಗಳಿಗೆ ಓಲೆಯೋದಿ ಪಳಗಿದ ಕಣ್ಣು ಬೇಕು. ಅಂಥ ವೃದ್ಧರು ನಮ್ಮ ಮಠಗಳ ಆಶ್ರಯದಲ್ಲಿ ಇನ್ನೂ ಕೆಲವರಿದ್ದಾರೆ.